ಹಳೇ ಪಿಕಪ್‌ನ ಸ್ಟೇರಿಂಗ್ ಸರಿಯಿಲ್ವಾ? ಪಾರ್ಟ್ಸ್ ತರುವ ಮೊದಲು ಇಷ್ಟು ನೋಡಿ

ನಮ್ಮ ಮನೆಯ ಪಿಕಪ್‌ಗೆ ಈಗ 14 ವರ್ಷ. ಅಡಿಕೆ, ಗೊಬ್ಬರ, ಬಾಳೆಗೊನೆ, ಒಮ್ಮೊಮ್ಮೆ ಮದುವೆ ಮನೆಯ ಪಾತ್ರೆ, ಎಲ್ಲವನ್ನೂ ಹೊತ್ತಿದೆ. ತೀರ್ಥಹಳ್ಳಿ ಕಡೆಯ ತೋಟದ ರಸ್ತೆ ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ಮುಂದಿನ ಚಕ್ರದ ಕೆಳಗಿನ ಒಂದೊಂದು ಜಾಯಿಂಟನ್ನೂ ನಾನು ಒಂದಲ್ಲ ಒಂದು ಸಲ ಬಿಚ್ಚಿದ್ದೇನೆ ಅಥವಾ ಬಿಚ್ಚುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ.

ಸ್ಟೇರಿಂಗ್ ಸರಿಯಿಲ್ಲ ಅನಿಸಿದ ಕೂಡಲೇ ನಾವೆಲ್ಲ ಮಾಡುವುದು ಒಂದೇ. ಸೀದಾ ವೀಲ್ ಅಲೈನ್‌ಮೆಂಟ್‌ಗೆ, ಅಂದರೆ ಚಕ್ರಗಳ ಕೋನ ಸರಿಮಾಡಿಸೋಕೆ, ಹೋಗುತ್ತೇವೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಯಾವುದಾದರೂ ಜಾಯಿಂಟ್ ಸಡಿಲ ಇದ್ದರೆ, ಇವತ್ತು ಮಾಡಿಸಿದ ಅಲೈನ್‌ಮೆಂಟ್ ನಾಳೆ ಮೊದಲ ಗುಂಡಿಯಲ್ಲೇ ಹೋಗುತ್ತದೆ. ದೋಷ ಗೊತ್ತಾಗುವುದು ಕೈಗೆ, ಇರುವುದು ಬೇರೆಲ್ಲೋ. ಆ ಜಾಗವನ್ನು ಮೊದಲು ಹುಡುಕಬೇಕು. ಹುಡುಕುವುದಕ್ಕೆ ದೊಡ್ಡ ಮೆಷಿನ್ ಬೇಡ. ಒಂದು ಜಾಕ್, ಎರಡು ಸ್ಟ್ಯಾಂಡ್, ಒಂದು ಅಳತೆ ಟೇಪು, ಟಾರ್ಚು, ಮತ್ತು ಒಳಗೆ ಕೂತು ಸ್ಟೇರಿಂಗ್ ಅಲ್ಲಾಡಿಸೋಕೆ ಒಬ್ಬರು ಸಾಕು.

ಮೊದಲು ಕೆಳಗೆ ಬಗ್ಗಿ ನೋಡಿ

ಹಳೇ ಪಿಕಪ್‌ಗಳ ಮುಂಭಾಗ ಎರಡು ಥರ ಇರುತ್ತದೆ. ಒಂದರಲ್ಲಿ ಈ ಚಕ್ರದಿಂದ ಆ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್, ಮೇಲೆ ಲೀಫ್ ಸ್ಪ್ರಿಂಗ್ ಪಟ್ಟಿ. 2005ರಲ್ಲಿ ಬಂದ ಟಾಟಾ ಏಸ್, ಹಳೇ ಮಹೀಂದ್ರಾ ಜೀಪ್ ಮಾದರಿಯ ಗಾಡಿಗಳು ಇಂಥವು. ಆಕ್ಸಲ್‌ನ ಎರಡು ತುದಿಯಲ್ಲಿ ಚಕ್ರ ತಿರುಗೋಕೆ ಜಾಗ ಇರುತ್ತದೆ, ಹೆಚ್ಚಿನವುಗಳಲ್ಲಿ ಅದು ಕಿಂಗ್ ಪಿನ್ ಅನ್ನುವ ದಪ್ಪ ಪಿನ್. ಸ್ಟೇರಿಂಗ್ ಬಾಕ್ಸ್‌ನಿಂದ (ಸ್ಟೇರಿಂಗ್ ತಿರುಗಿಸಿದ್ದನ್ನು ಚಕ್ರದ ಕಡೆಗೆ ದಾಟಿಸುವ ಗೇರ್ ಪೆಟ್ಟಿಗೆ) ಒಂದು ಡ್ರಾಪ್ ಆರ್ಮ್ ಇಳಿದು, ಡ್ರ್ಯಾಗ್ ಲಿಂಕ್ ಮೂಲಕ ಒಂದು ಚಕ್ರವನ್ನು ತಳ್ಳುತ್ತದೆ. ಅಲ್ಲಿಂದ ಟೈ ರಾಡ್ ಇನ್ನೊಂದು ಚಕ್ರವನ್ನು ಜೊತೆಗೆ ಎಳೆಯುತ್ತದೆ.

ಇನ್ನೊಂದು ಥರದಲ್ಲಿ ಪ್ರತಿ ಚಕ್ರಕ್ಕೂ ಬೇರೆ ಬೇರೆ ಮೇಲಿನ ಆರ್ಮ್, ಕೆಳಗಿನ ಆರ್ಮ್ ಇರುತ್ತದೆ. ತುದಿಯಲ್ಲಿ ಬಾಲ್ ಜಾಯಿಂಟ್, ಅಂದರೆ ಬಟ್ಟಲೊಳಗೆ ಗುಂಡು ಕೂತು ಎಲ್ಲ ಕಡೆಗೂ ತಿರುಗುವ ಜಾಯಿಂಟ್. ಭಾರ ಹೊರೋಕೆ ಕಾಯಿಲ್ ಸ್ಪ್ರಿಂಗ್ ಅಥವಾ ಚಾಸಿ (ಗಾಡಿಯ ಅಡಿ ಚೌಕಟ್ಟು) ಉದ್ದಕ್ಕೆ ಮಲಗಿದ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ರಾಡ್. ನಿಮ್ಮದು ಯಾವುದು ಅಂತ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಮುಗಿಯಿತು. ಇಲ್ಲದಿದ್ದರೆ ನಿಮ್ಮ ಗಾಡಿಯಲ್ಲಿ ಇಲ್ಲದ ಬಾಲ್ ಜಾಯಿಂಟನ್ನು ಯಾರೋ ಹೇಳಿದರು ಅಂತ ಹುಡುಕುತ್ತಾ ಕೂರುತ್ತೀರಿ.

ಕೆಳಗೆ ಹೋಗುವ ಮೊದಲು ಒಂದು ಮಾತು, ದಯವಿಟ್ಟು ಇದನ್ನು ಹಾರಿಸಿ ಓದಬೇಡಿ. ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಬಾರದು. ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡೆ ಕೊಡಿ, ಹ್ಯಾಂಡ್ ಬ್ರೇಕ್ ಹಾಕಿ, ಗಟ್ಟಿ ಸಮತಟ್ಟು ನೆಲದಲ್ಲೇ ಎತ್ತಿ, ಕಬ್ಬಿಣದ ಸ್ಟ್ಯಾಂಡ್ ಕೊಟ್ಟು ಭಾರವನ್ನು ಅದರ ಮೇಲೆ ಇಳಿಸಿ. ನಮ್ಮ ಕಡೆ ಜಂಬಿಟ್ಟಿಗೆ ಕಲ್ಲು, ಹಾಲೋ ಬ್ಲಾಕ್ ಇಟ್ಟು ಕೆಲಸ ಮಾಡುವವರನ್ನು ನೋಡಿದ್ದೇನೆ. ಎರಡೂ ಒಂದೇ ಕಡೆ ಭಾರ ಬಿದ್ದರೆ ಹೇಳದೆ ಕೇಳದೆ ಒಡೆಯುತ್ತವೆ. ಸ್ಟ್ಯಾಂಡ್ ಇಲ್ಲದಿದ್ದರೆ ಪಕ್ಕದ ಗ್ಯಾರೇಜ್‌ನಿಂದ ಒಂದು ದಿನದ ಮಟ್ಟಿಗೆ ಕೇಳಿ ತನ್ನಿ. ಲೋಡ್ ಇದ್ದರೆ ಮೊದಲು ಇಳಿಸಿ.

ಗಾಡಿ ಒಂದೇ ಕಡೆ ಎಳೆಯುತ್ತಿದೆ

ಮೊದಲು ಗಾಳಿ. ಬೆಳಿಗ್ಗೆ ಗಾಡಿ ಓಡಿಸುವ ಮುಂಚೆ, ಟೈರ್ ತಣ್ಣಗಿದ್ದಾಗ ನೋಡಿ. ಒಂದು ಕಡೆ 35 ಪಿಎಸ್‌ಐ, ಇನ್ನೊಂದು ಕಡೆ 27 ಇದ್ದರೆ ಗಾಡಿ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ಇದಕ್ಕೆ ಪಾರ್ಟ್ಸ್ ಬೇಕಿಲ್ಲ. ನಮ್ಮ ರಸ್ತೆಗಳು ಮಳೆ ನೀರು ಹರಿಯಲಿ ಅಂತ ನಡುವೆ ಎತ್ತರ, ಬದಿಗೆ ಇಳಿಜಾರು ಇರುತ್ತವೆ. ಹಾಗಾಗಿ ಸ್ವಲ್ಪ ಎಡಕ್ಕೆ ಹೋಗುವುದು ದೋಷ ಅಲ್ಲ. ಖಾಲಿ ಮೈದಾನವೋ ಅಗಲ ರಸ್ತೆಯೋ ಸಿಕ್ಕಿದರೆ ಅಲ್ಲಿ ನೋಡಿ.

ಆಮೇಲೆ ಬ್ರೇಕ್. 5–6 ಕಿ.ಮೀ. ಓಡಿಸಿ, ಆದಷ್ಟು ಬ್ರೇಕ್ ಹಾಕದೆ ನಿಲ್ಲಿಸಿ. ಇಳಿದು ಎರಡೂ ಮುಂದಿನ ಚಕ್ರದ ಹತ್ತಿರ ಕೈಯ ಹಿಂಬದಿ ಹಿಡಿಯಿರಿ. ಮುಟ್ಟಬೇಡಿ, ಸುಡುತ್ತದೆ. ಒಂದರಿಂದ ಮಾತ್ರ ಝಳ ಬರುತ್ತಿದ್ದರೆ ಆ ಕಡೆ ಬ್ರೇಕ್ ಹಿಡಿದುಕೊಂಡಿದೆ, ಅಥವಾ ಬೇರಿಂಗ್ ಹೋಗಿದೆ. ಸ್ಟೇರಿಂಗ್ ಕಡೆ ನೋಡುವ ಅಗತ್ಯವೇ ಇಲ್ಲ.

ಅಲ್ಲೂ ಸಿಗದಿದ್ದರೆ ಮುಂದಿನ ಎರಡು ಟೈರ್ ಅದಲು ಬದಲು ಮಾಡಿ. ಟೈರ್ ಮೇಲೆ ಬಾಣದ ಗುರುತು ಇದ್ದರೆ ಮಾತ್ರ ಇದು ಬೇಡ. ಈಗ ಇನ್ನೊಂದು ಕಡೆಗೆ ಎಳೆದರೆ ತಪ್ಪು ಟೈರ್‌ದು. ಹಾಗೇ ಎಳೆಯುತ್ತಿದ್ದರೆ ಗಾಡಿಯದು.

ಇನ್ನು ಟೇಪು ತೆಗೆದುಕೊಳ್ಳಿ. ಸ್ಟೇರಿಂಗ್ ನೇರ ಇಟ್ಟು, ಎಡಗಡೆ ಮುಂದಿನ ಹಬ್‌ನ ನಡುವಿನಿಂದ ಹಿಂದಿನ ಹಬ್‌ನ ನಡುವಿಗೆ ಅಳೆಯಿರಿ. ಬಲಗಡೆಯೂ ಹಾಗೇ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡ ಮೇಲೆ. ಮೂರು ವರ್ಷದ ಹಿಂದೆ ನಮ್ಮ ಗಾಡಿ ಎಡಕ್ಕೆ ಎಳೆಯೋಕೆ ಶುರುಮಾಡಿತು. ಒಂದು ಕಡೆ ಅಲೈನ್‌ಮೆಂಟ್ ಮಾಡಿಸಿದೆ. ಹೋಗಲಿಲ್ಲ. ಇನ್ನೊಂದು ಕಡೆ ಟೈ ರಾಡ್ ಎಂಡ್ (ಅದರ ತುದಿಯ ಬಾಲ್ ಜಾಯಿಂಟ್) ಎರಡೂ ಬದಲಿಸಿ ಮತ್ತೆ ಅಲೈನ್‌ಮೆಂಟ್ ಮಾಡಿದರು. ಆಗಲೂ ಹೋಗಲಿಲ್ಲ. ಕೊನೆಗೆ ಸ್ಪ್ರಿಂಗ್ ಪಟ್ಟಿ ಕಟ್ಟುವ ಹಿರಿಯ ಮೇಸ್ತ್ರಿಯೊಬ್ಬರು ಬಂದು ನೋಡಿದರು. ಅವರು ಸ್ಟೇರಿಂಗ್ ಮುಟ್ಟಲೇ ಇಲ್ಲ. "ಟೇಪ್ ಕೊಡಪ್ಪಾ" ಅಂದರು. ಎಡಗಡೆ 12 ಮಿ.ಮೀ. ಕಡಿಮೆ ಇತ್ತು. ಪಟ್ಟಿಗಳನ್ನು ಒಟ್ಟಿಗೆ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿ, ಆಕ್ಸಲ್ ಆ ಕಡೆ ಹಿಂದಕ್ಕೆ ಜಾರಿತ್ತು. ಅದಕ್ಕಿಂತ ಕೆಲವು ತಿಂಗಳ ಹಿಂದೆ ಪಟ್ಟಿ ಸೆಟ್ ಬಿಚ್ಚಿ ಹಾಕಿಸಿದ್ದೆವು, ಆಮೇಲೆ ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಮತ್ತೆ ಟೈಟ್ ಮಾಡಿರಲಿಲ್ಲ. ಯು ಬೋಲ್ಟ್ ಸಡಿಲ ಆದರೆ ಪೂರಾ ಹೊಡೆತ ಆ ಸಣ್ಣ ಸೆಂಟರ್ ಬೋಲ್ಟ್ ಮೇಲೆ ಬೀಳುತ್ತದೆ. ಅದು ತಡೆಯುವುದಿಲ್ಲ. ಅಳೆಯೋಕೆ ಐದು ನಿಮಿಷ ಹಿಡಿಯಿತು ಅಷ್ಟೇ.

ಗಾಡಿ ಸಾಮಾನ್ಯವಾಗಿ ಮುಂದಿನ ಹಿಂದಿನ ಚಕ್ರದ ನಡುವಿನ ಅಂತರ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ವ್ಯತ್ಯಾಸ ಸಿಕ್ಕರೆ ಮೊದಲು ಯು ಬೋಲ್ಟ್, ಸೆಂಟರ್ ಬೋಲ್ಟ್, ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ನೋಡಿ. ಹಿಂದಿನ ಆಕ್ಸಲ್ ಜಾರಿದರೂ ಇದೇ ಗತಿ. ಆಗ ಗಾಡಿ ಸ್ವಲ್ಪ ಅಡ್ಡಡ್ಡ ಓಡುತ್ತದೆ, ಸ್ಟೇರಿಂಗ್ ಸೊಟ್ಟ ನಿಲ್ಲುತ್ತದೆ.

ಸ್ಟೇರಿಂಗ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ

ಇದನ್ನೇ ಪ್ಲೇ ಅನ್ನುತ್ತೇವೆ. ಹಳೇ ಬಾಕ್ಸ್ ಇರುವ ಗಾಡಿಯಲ್ಲಿ ಸ್ವಲ್ಪ ಪ್ಲೇ ಇದ್ದೇ ಇರುತ್ತದೆ. ಎಷ್ಟು ಅಂತ ಅಳೆಯಿರಿ. ಚಕ್ರ ನೇರ ಇರಲಿ, ಪವರ್ ಸ್ಟೇರಿಂಗ್ ಆದರೆ ಎಂಜಿನ್ ಚಾಲೂ ಇರಲಿ. ಸ್ಟೇರಿಂಗ್ ಅಂಚಿಗೆ ಒಂದು ಅಂಟು ಟೇಪ್ ಚೂರು ಅಂಟಿಸಿ, ಮುಂದಿನ ಟೈರ್ ಸ್ವಲ್ಪ ಅಲ್ಲಾಡುವ ತನಕ ಎಡಕ್ಕೆ, ಬಲಕ್ಕೆ ತಿರುಗಿಸಿ. ಅಂಚಿನಲ್ಲಿ 25–30 ಮಿ.ಮೀ. ಒಳಗಿದ್ದರೆ ಹಳೇ ಗಾಡಿಗೆ ನಾನು ಚಿಂತೆ ಮಾಡುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಸ್ಟೇರಿಂಗ್‌ನಲ್ಲಿ 30 ಡಿಗ್ರಿಗಿಂತ ಜಾಸ್ತಿ ಪ್ಲೇ ಇರಬಾರದು ಅನ್ನುತ್ತದೆ. ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಕ್ಯಾಪ್ ಇರಬೇಕು, ಬೋಲ್ಟ್ ಪಿನ್‌ಗಳು ಲಾಕ್ ಆಗಿರಬೇಕು ಅಂತಲೂ ಅದೇ ನಿಯಮದಲ್ಲಿದೆ. ಆದರೆ 30 ಡಿಗ್ರಿ ಅಂದರೆ ಮಾಮೂಲಿ ಸ್ಟೇರಿಂಗ್‌ನ ಅಂಚಿನಲ್ಲಿ ಸುಮಾರು 10 ಸೆಂ.ಮೀ. ಅಷ್ಟು ಪ್ಲೇ ಇರುವ ಗಾಡಿಯಲ್ಲಿ ಆಗುಂಬೆ ಘಾಟಿಯ 14 ತಿರುವು ಇಳಿಯೋದನ್ನು ನೆನೆಸಿಕೊಳ್ಳಿ. ಕಾನೂನಿನ ಗಡಿ ಮುಟ್ಟುವ ತನಕ ಕಾಯಬೇಡಿ.

ಎಲ್ಲಿ ಪ್ಲೇ ಇದೆ ಅಂತ ಹುಡುಕುವುದು ಹೇಗೆ? ಇದು ಈ ಇಡೀ ಬರಹದ ಮುಖ್ಯ ಕೆಲಸ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಚಕ್ರ ನೆಲದ ಮೇಲೇ ಇರಲಿ, ಎತ್ತಬೇಡಿ. ಒಬ್ಬರನ್ನು ಒಳಗೆ ಕೂರಿಸಿ. "ತಮ್ಮಾ, ಪೂರ್ತಿ ತಿರುಗಿಸಬೇಡ, ಸುಮ್ನೆ ಎಡಕ್ಕೆ ಬಲಕ್ಕೆ ಒಂದೊಂದು ಗೇಣು ಅಲ್ಲಾಡಿಸ್ತಾ ಇರು, ನಾನು ಹೇಳೋ ತನಕ ನಿಲ್ಲಿಸಬೇಡ" ಅನ್ನಿ. ನೀವು ಬದಿಯಿಂದ ಕೆಳಗೆ ಕೈ ಹಾಕಿ. ಚಕ್ರದ ಮುಂದೆ ಹಿಂದೆ ಮಲಗಬೇಡಿ, ಕೈ ಬೆಲ್ಟ್ ಫ್ಯಾನಿಗೆ ಸಿಗದ ಹಾಗೆ ನೋಡಿಕೊಳ್ಳಿ.

ಸ್ಟೇರಿಂಗ್‌ನಿಂದ ಶುರುಮಾಡಿ ಚಕ್ರದ ಕಡೆಗೆ ಒಂದೊಂದೇ ಜಾಯಿಂಟ್ ಮೇಲೆ ಕೈ ಇಡುತ್ತಾ ಬನ್ನಿ. ಬೆರಳು ಜಾಯಿಂಟ್‌ನ ಎರಡೂ ಭಾಗದ ಮೇಲೆ ಇರಬೇಕು. ಎರಡೂ ಒಟ್ಟಿಗೆ ಅಲ್ಲಾಡಿದರೆ ಅದು ಚೆನ್ನಾಗಿದೆ. ಒಂದು ಅಲ್ಲಾಡಿ, ಸ್ವಲ್ಪ ತಡೆದು ಇನ್ನೊಂದು ಅಲ್ಲಾಡಿದರೆ, ಆ ತಡೆ ಇದೆಯಲ್ಲ, ಅದೇ ನಿಮ್ಮ ದೋಷ. ಕಣ್ಣಿಗೆ ಕಾಣದ ಪ್ಲೇ ಬೆರಳಿಗೆ ಟಕ್ ಅಂತ ಗೊತ್ತಾಗುತ್ತದೆ.

ಮೊದಲು ಕಾಲಂ (ಸ್ಟೇರಿಂಗ್‌ನಿಂದ ಕೆಳಗಿಳಿಯುವ ಕಂಬ) ಕೆಳಗಿನ ಯೂನಿವರ್ಸಲ್ ಜಾಯಿಂಟ್ ಅಥವಾ ರಬ್ಬರ್ ಕಪ್ಲಿಂಗ್. ಆಮೇಲೆ ಬಾಕ್ಸ್. ಬಾಕ್ಸ್ ತಾನೇ ಚಾಸಿ ಮೇಲೆ ಅಲ್ಲಾಡುತ್ತಿದೆಯಾ ನೋಡಿ. ಎಷ್ಟೋ ಸಲ ಬಾಕ್ಸ್ ಹೋಗಿದೆ ಅಂತ ಹೇಳಿದ ಗಾಡಿಯಲ್ಲಿ ಬೋಲ್ಟ್ ಸಡಿಲ ಇರುತ್ತದೆ ಅಷ್ಟೇ. ಬೋಲ್ಟ್ ಸುತ್ತ ಮಣ್ಣು ಕೆರೆದು ಚಾಸಿ ಬಿರುಕು ಬಿಟ್ಟಿದೆಯಾ ಅಂತಲೂ ನೋಡಿ. ಬಿರುಕು ಕಂಡರೆ ಗಾಡಿ ಅಲ್ಲೇ ನಿಲ್ಲಲಿ. ಮುಂದೆ ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್‌ನ ಎರಡು ತುದಿ, ಟೈ ರಾಡ್‌ನ ಎರಡು ತುದಿ, ಐಡ್ಲರ್ ಆರ್ಮ್ (ಡ್ರಾಪ್ ಆರ್ಮ್‌ನ ಎದುರು ಬದಿಯಲ್ಲಿ ಲಿಂಕಿಗೆ ಆಸರೆ ಕೊಡುವ ಆರ್ಮ್) ಇದ್ದರೆ ಅದು.

ಒಂದು ವಿಷಯ ಗಮನಿಸಿ. ಟೈ ರಾಡನ್ನು ಕೈಯಲ್ಲಿ ಹಿಡಿದು ತಿರುಚಿದರೆ ಅದು ತನ್ನ ಸುತ್ತ ಸ್ವಲ್ಪ ಹೊರಳುತ್ತದೆ. ಅದು ಸಹಜ, ಬಾಲ್ ಇರುವುದೇ ಅದಕ್ಕೆ. ಹಿಂದೆ ಮುಂದೆ, ಮೇಲೆ ಕೆಳಗೆ ಲಟಲಟ ಅಂದರೆ ಮಾತ್ರ ಹೋಗಿದೆ ಅಂತ ಅರ್ಥ. ಇದು ಗೊತ್ತಿಲ್ಲದೆ ಒಳ್ಳೇ ಎಂಡ್‌ಗಳನ್ನು ಬಿಚ್ಚಿ ಎಸೆದವರಿದ್ದಾರೆ.

ಎಲ್ಲ ಜಾಯಿಂಟೂ ಗಟ್ಟಿ ಇದ್ದು, ಬಾಕ್ಸ್‌ಗೆ ಹೋಗುವ ಶಾಫ್ಟ್ ತಿರುಗಿದರೂ ಡ್ರಾಪ್ ಆರ್ಮ್ ತಡವಾಗಿ ತಿರುಗಿದರೆ, ಆಗ ಬಾಕ್ಸ್ ಒಳಗಿನ ಸವೆತ. ಬಾಕ್ಸ್ ಮೇಲೆ ಒಂದು ಅಡ್ಜಸ್ಟ್ ಸ್ಕ್ರೂ ಇರುತ್ತದೆ. ಅದನ್ನು ಟೈಟ್ ಮಾಡಿದರೆ ಪ್ಲೇ ಹೋದ ಹಾಗೆ ಅನಿಸುತ್ತದೆ. ಇಲ್ಲಿ ದಯವಿಟ್ಟು ಕೈ ಬಿಗಿ ಹಿಡಿಯಿರಿ. ಬಾಕ್ಸ್ ಜಾಸ್ತಿ ಸವೆಯುವುದು ನೇರ ಇರುವ ಜಾಗದಲ್ಲಿ. ಅಲ್ಲಿಗೆ ಸರಿಯಾಗುವಷ್ಟು ಟೈಟ್ ಮಾಡಿದರೆ ತಿರುವಿನಲ್ಲಿ ಬಿಗಿಯಾಗುತ್ತದೆ, ತಿರುಗಿಸಿದ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಘಾಟಿಯಲ್ಲಿ ಅದು ಪ್ಲೇಗಿಂತ ಅಪಾಯ. ಸ್ಕ್ರೂ ಕೆಲಸ ಬಾಕ್ಸ್ ಬಲ್ಲವರಿಗೇ ಬಿಡಿ.

ಗುಂಡಿಗೆ ಬಿದ್ದರೆ ಕಟಕ್ ಅನ್ನುತ್ತದೆ

ಶಬ್ದ ನಂಬಿ ಪಾರ್ಟ್ ತರಬೇಡಿ. ಚಾಸಿ ಶಬ್ದವನ್ನು ಹೊತ್ತುಕೊಂಡು ಹೋಗುತ್ತದೆ, ಎಡಗಡೆಯದು ಬಲಗಡೆ ಕೇಳುತ್ತದೆ. ಮೊದಲು ಸುಲಭದ್ದು ನೋಡಿ. ಸ್ಟೆಪ್ನಿ, ಜಾಕ್, ಟೂಲ್ ಬಾಕ್ಸ್, ಬಂಪರ್ ಯಾವುದಾದರೂ ಸಡಿಲ ಇದೆಯಾ? ಆಮೇಲೆ ಶಾಕ್ ಅಬ್ಸಾರ್ಬರ್‌ನ ಮೇಲಿನ, ಕೆಳಗಿನ ಬುಷ್, ಅಂದರೆ ಬೋಲ್ಟ್ ಸುತ್ತ ಕೂರುವ ಬಳೆ. ಪಟ್ಟಿ ಗಾಡಿಯಲ್ಲಿ ಶ್ಯಾಕಲ್ ಬುಷ್. ಸಣ್ಣ ಕಬ್ಬಿಣದ ರಾಡ್ ಕೊಟ್ಟು ಮೀಟಿದರೆ ಸವೆದ ಬುಷ್ ಸರ್ರನೆ ಸರಿಯುತ್ತದೆ. ಬುಷ್ ಅಗ್ಗದ ಮಾಲು, ಗಾಡಿ ಗುಣ ಮಾತ್ರ ತುಂಬಾ ಬದಲಾಗುತ್ತದೆ.

ಇನ್ನು ಚಕ್ರ ಎತ್ತುವ ಪರೀಕ್ಷೆ. ಗಡಿಯಾರದ ಮುಖ ನೆನಪಿಡಿ. ಟೈರನ್ನು 9 ಮತ್ತು 3ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಪ್ಲೇ ಸಿಕ್ಕರೆ ಹೆಚ್ಚಾಗಿ ಟೈ ರಾಡ್ ಕಡೆಯದು. ಈಗ 12 ಮತ್ತು 6ರಲ್ಲಿ ಹಿಡಿದು ಅಲ್ಲಾಡಿಸಿ. ಪ್ಲೇ ಸಿಕ್ಕರೆ ಅದು ವೀಲ್ ಬೇರಿಂಗ್, ಇಲ್ಲವೇ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ಯಾವುದು ಅಂತ ಗೊತ್ತಾಗೋಕೆ ಒಳಗಿದ್ದವರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ, ಮತ್ತೆ ಅಲ್ಲಾಡಿಸಿ. ಪ್ಲೇ ಮಾಯ ಆದರೆ ಬೇರಿಂಗ್. ಹಾಗೇ ಉಳಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ಈ ಒಂದು ಉಪಾಯ ನನಗೆ ಎರಡು ಸಲ ಸುಮ್ಮನೆ ಕಿಂಗ್ ಪಿನ್ ಬಿಚ್ಚಿಸುವುದನ್ನು ತಪ್ಪಿಸಿದೆ. ಬೇರಿಂಗ್ ಸಡಿಲ ಅಷ್ಟೇ ಆಗಿದ್ದರೆ ಗ್ರೀಸ್ ಹಾಕಿ ಅಡ್ಜಸ್ಟ್ ಮಾಡಿದರೆ ಸಾಕು. ಕೈಯಲ್ಲಿ ತಿರುಗಿಸಿದಾಗ ಗರಗರ ಅಂದರೆ ಬದಲಿಸಬೇಕು.

ಬಾಲ್ ಜಾಯಿಂಟ್ ಗಾಡಿಯಲ್ಲಿ ಜಾಕ್ ಎಲ್ಲಿ ಕೊಡುತ್ತೀರಿ ಅನ್ನೋದೂ ಮುಖ್ಯ. ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ ಕೆಳಗಿನ ಆರ್ಮ್‌ಗೆ ಕೂತಿದ್ದರೆ, ಆ ಆರ್ಮ್ ಕೆಳಗೇ, ಚಕ್ರಕ್ಕೆ ಆದಷ್ಟು ಹತ್ತಿರ ಎತ್ತಿ. ಚಾಸಿಗೆ ಜಾಕ್ ಕೊಟ್ಟರೆ ಸ್ಪ್ರಿಂಗ್ ಒತ್ತಡ ಜಾಯಿಂಟನ್ನು ಬಿಗಿಯಾಗಿ ಹಿಡಿದಿರುತ್ತದೆ. ಹೋಗಿರುವ ಜಾಯಿಂಟೂ ಒಳ್ಳೆಯದರ ಹಾಗೆ ಕಾಣುತ್ತದೆ. ಎತ್ತಿದ ಮೇಲೆ ಟೈರ್ ಕೆಳಗೆ ಉದ್ದ ರಾಡ್ ಕೊಟ್ಟು ಮೇಲಕ್ಕೆ ಮೀಟಿ. ಕೆಳಗಿನ ಬಾಲ್ ಜಾಯಿಂಟ್ ಮೇಲೆ ಕೆಳಗೆ ಟಕ್ ಟಕ್ ಅಂದರೆ ಆ ಗಾಡಿಯನ್ನು ಓಡಿಸಬೇಡಿ. ಭಾರ ಹೊರುವ ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿ ಬೀಳುತ್ತದೆ, ಸ್ಟೇರಿಂಗೂ ಇರುವುದಿಲ್ಲ.

ಸ್ಟೇರಿಂಗ್ ನಡುಗುತ್ತದೆ

ನಡುಕದಲ್ಲಿ ಎರಡು ಬಗೆ. ಒಂದು, 70–80 ಕಿ.ಮೀ. ವೇಗಕ್ಕೆ ಶುರುವಾಗಿ, ಇನ್ನೂ ಜೋರು ಹೋದರೆ ಕಡಿಮೆ ಆಗುವಂಥದು. ಇದು ಚಕ್ರದ ಬ್ಯಾಲೆನ್ಸ್. ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡುವ ಮೊದಲು ರಿಮ್ ಒಳಗಡೆ ನೋಡಿ. ಮಳೆಗಾಲದಲ್ಲಿ ತೋಟದ ಕೆಸರು ರಿಮ್ ಒಳಗೆ ಒಂದು ಕಡೆ ಮೆತ್ತಿಕೊಂಡು ಒಣಗಿರುತ್ತದೆ. ನೀರು ಹೊಡೆದು ತೊಳೆದರೆ ಮುಗಿಯಿತು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಅಥವಾ ಡ್ರಮ್ ನೋಡಿಸಿ.

ಇನ್ನೊಂದು ಬೇರೆಯೇ. ಗಟ್ಟಿ ಆಕ್ಸಲ್ ಗಾಡಿ 50–60ರಲ್ಲಿ ಹೋಗುತ್ತಿರುವಾಗ ಒಂದು ಗುಂಡಿ ಬಡಿದ ಕೂಡಲೇ ಇಡೀ ಮುಂಭಾಗ ಕುಣಿಯೋಕೆ ಶುರುವಾಗುತ್ತದೆ. ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಹೊಡೆದುಕೊಳ್ಳುತ್ತದೆ. ಮೊದಲ ಸಲ ಆದವರಿಗೆ ಜೀವ ಬಾಯಿಗೆ ಬರುತ್ತದೆ. ಆಗ ಏನು ಮಾಡಬೇಕು? ಜೋರಾಗಿ ಬ್ರೇಕ್ ಹೊಡೆಯಬೇಡಿ. ಸ್ಟೇರಿಂಗ್ ಗಟ್ಟಿ ಹಿಡಿದು, ಹೆಬ್ಬೆರಳು ಕಡ್ಡಿಗಳ ಒಳಗೆ ಸಿಕ್ಕದ ಹಾಗೆ ಇಟ್ಟು, ಆಕ್ಸಿಲರೇಟರ್ ಬಿಟ್ಟು, ವೇಗ ತಾನಾಗಿ ಇಳಿಯೋಕೆ ಬಿಡಿ. ನಿಧಾನ ಆದ ಮೇಲೆ ನಿಲ್ಲುತ್ತದೆ. ಬದಿಗೆ ಹಾಕಿ. ಮನೆಗೆ ಹೋಗಲೇಬೇಕಿದ್ದರೆ, ಎಲ್ಲ ನಟ್ಟೂ ಜಾಯಿಂಟೂ ಜಾಗದಲ್ಲಿವೆ ಅಂತ ನೋಡಿಕೊಂಡು, ತೀರಾ ನಿಧಾನಕ್ಕೆ ಹೋಗಿ.

ಇದಕ್ಕೆ ಒಂದೇ ಪಾರ್ಟ್ ಕಾರಣ ಆಗಿರುವುದು ಕಡಿಮೆ. ಬೇರಿಂಗ್‌ನಲ್ಲಿ ಸ್ವಲ್ಪ, ಕಿಂಗ್ ಪಿನ್‌ನಲ್ಲಿ ಸ್ವಲ್ಪ, ಟೈ ರಾಡ್ ತುದಿಯಲ್ಲಿ ಸ್ವಲ್ಪ, ಪಟ್ಟಿ ಬುಷ್‌ನಲ್ಲಿ ಸ್ವಲ್ಪ, ಎಲ್ಲ ಕೂಡಿ ಕುಣಿಸುತ್ತವೆ. ಟೈರ್ ಬ್ಯಾಲೆನ್ಸ್, ಗಾಳಿ ಸರಿಯಿಲ್ಲದಿದ್ದರೆ ಅದು ಕಿಡಿ ಹೊತ್ತಿಸುತ್ತದೆ. ಕೆಲವರು ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗ್ ಲಿಂಕಿಗೆ ಹಾಕುವ ಸಣ್ಣ ಶಾಕ್ ಅಬ್ಸಾರ್ಬರ್) ಹೊಸದು ಹಾಕಿ ಸರಿ ಆಯ್ತು ಅನ್ನುತ್ತಾರೆ. ಡ್ಯಾಂಪರ್ ನಡುಕವನ್ನು ಮುಚ್ಚಿಡುತ್ತದೆ, ಸವೆತ ಒಳಗೆ ಬೆಳೆಯುತ್ತಲೇ ಇರುತ್ತದೆ. ಮೇಲೆ ಹೇಳಿದ ಕೈ ಇಡುವ ಪರೀಕ್ಷೆಯನ್ನು ಮೊದಲಿನಿಂದ ಮಾಡಿ.

ಗಾಡಿ ಕುಣಿಯುವುದಿಲ್ಲ, ಆದರೆ ನೇರ ರಸ್ತೆಯಲ್ಲಿ ಆ ಕಡೆ ಈ ಕಡೆ ತೇಲುತ್ತದೆ, ಜಾಯಿಂಟ್ ಎಲ್ಲ ಗಟ್ಟಿ ಇವೆ. ಹಾಗಿದ್ದರೆ ಹಿಂದಿನ ಪಟ್ಟಿ ಎಣಿಸಿ. ಲೋಡ್ ತಡೆಯಲಿ ಅಂತ ಎಕ್ಸ್‌ಟ್ರಾ ಪಟ್ಟಿ ಹಾಕಿಸಿದ್ದೀರಾ? ಖಾಲಿ ಗಾಡಿಯ ಹಿಂಭಾಗ ಎತ್ತರ ಆದರೆ ಮುಂದಿನ ಆಕ್ಸಲ್‌ನ ಕ್ಯಾಸ್ಟರ್, ಅಂದರೆ ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಓರೆ, ಕಡಿಮೆ ಆಗುತ್ತದೆ. ಸೈಕಲ್‌ನ ಮುಂದಿನ ಫೋರ್ಕ್ ಓರೆ ಇರುವುದರಿಂದಲೇ ಅದು ನೇರ ಹೋಗುತ್ತದೆ ಅಲ್ವಾ, ಇದೂ ಹಾಗೇ. ಪಟ್ಟಿ ಮತ್ತು ಆಕ್ಸಲ್ ನಡುವೆ ಓರೆ ಪ್ಲೇಟ್ ಕೊಟ್ಟು ಇದನ್ನು ಸರಿಮಾಡುತ್ತಾರೆ. ಪಟ್ಟಿ ಬಿಚ್ಚಿದಾಗ ಆ ಪ್ಲೇಟನ್ನು ತಿರುಗಾ ಮುರುಗಾ ಹಾಕಿದರೂ ಇದೇ ತೊಂದರೆ ಬರುತ್ತದೆ.

ಸ್ಟೇರಿಂಗ್ ಭಾರ ಆಗಿದೆ

ಗಾಳಿ ನೋಡಿ. ಪವರ್ ಸ್ಟೇರಿಂಗ್ ಇದ್ದರೆ ಆಯಿಲ್ ಮಟ್ಟ, ಬೆಲ್ಟ್ ನೋಡಿ. ತಿರುಗಿಸಿದಾಗ ಕುಂಯ್ ಅಂದರೆ, ಆಯಿಲ್‌ನಲ್ಲಿ ನೊರೆ ಇದ್ದರೆ, ಗಾಳಿ ಎಳೆಯುತ್ತಿದೆ ಅಥವಾ ಆಯಿಲ್ ಕಡಿಮೆ ಇದೆ. ಪೈಪ್ ಸೋರುತ್ತಿದೆಯಾ ನೋಡಿ.

ಪವರ್ ಇಲ್ಲದ ಗಾಡಿಯಲ್ಲಿ ಗ್ರೀಸ್ ಇಲ್ಲದೇ ಇರುವುದೇ ದೊಡ್ಡ ಕಾರಣ. ಕಿಂಗ್ ಪಿನ್‌ನ ಮೇಲೂ ಕೆಳಗೂ ಗ್ರೀಸ್ ಹೊಡೆಯುವ ನಿಪ್ಪಲ್ ಇರುತ್ತದೆ. ಆಕ್ಸಲ್ ಎತ್ತಿ, ಚಕ್ರ ನೇತಾಡುವ ಹಾಗೆ ಮಾಡಿ ಗ್ರೀಸ್ ಹೊಡೆಯಿರಿ, ಆಗ ಭಾರ ಹೊರುವ ಜಾಗಕ್ಕೂ ಹೋಗುತ್ತದೆ. ಕಪ್ಪು ಹಳೇ ಗ್ರೀಸ್ ಹೊರಗೆ ಬಂದು ಹೊಸದು ಕಾಣಿಸುವ ತನಕ ಹೊಡೆಯಬೇಕು. ಹೋಗುತ್ತಲೇ ಇಲ್ಲ ಅಂದರೆ ನಿಪ್ಪಲ್ ಕಟ್ಟಿಕೊಂಡಿದೆ, ಬದಲಿಸಿ, ಅದು ಅಗ್ಗ. ಹಳ್ಳ ದಾಟಿದ, ಕೆಸರಿನಲ್ಲಿ ಹೂತ ಗಾಡಿಗೆ ಮಳೆಗಾಲದಲ್ಲಿ ನಾನು ತಿಂಗಳಿಗೊಮ್ಮೆ ಗ್ರೀಸ್ ಹೊಡೆಯುತ್ತೇನೆ. ಜಾಸ್ತಿ ಅನಿಸಬಹುದು, ಆದರೆ ನೀರು ನುಗ್ಗಿದ ಕಿಂಗ್ ಪಿನ್ ತುಕ್ಕು ಹಿಡಿದರೆ ಒಂದು ವರ್ಷವೂ ಬಾಳುವುದಿಲ್ಲ.

ಆಮೇಲೂ ಭಾರ ಇದ್ದರೆ ಎರಡೂ ಮುಂದಿನ ಚಕ್ರ ಎತ್ತಿ ತಿರುಗಿಸಿ. ಎತ್ತಿದ ಮೇಲೂ ಭಾರ ಇದ್ದರೆ ಡ್ರ್ಯಾಗ್ ಲಿಂಕ್ ಒಂದು ತುದಿ ಕಳಚಿ. ಈಗ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ, ಆಮೇಲೆ ಸ್ಟೇರಿಂಗನ್ನು ಬೇರೆಯಾಗಿ ತಿರುಗಿಸಿ. ಯಾವುದು ಬಿಗಿಯೋ ದೋಷ ಆ ಕಡೆ. ಲಿಂಕ್ ಕಳಚಿದ್ದಾಗ ಸ್ಟೇರಿಂಗನ್ನು ಜೋರಾಗಿ ತಿರುಗಿಸಿ ಕೊನೆಗೆ ಬಡಿಸಬೇಡಿ, ಬಾಕ್ಸ್ ಒಳಗೆ ಹಾಳಾಗುತ್ತದೆ.

ಟೈರ್ ಸವೆತ ಏನು ಹೇಳುತ್ತದೆ

ಅಂಗೈಯನ್ನು ಟೈರ್ ಮೇಲೆ ಅಡ್ಡ ಸವರಿ. ಒಳಗೆ ಸವರಿದರೆ ನಯ, ಹೊರಗೆ ಸವರಿದರೆ ಗರಗಸದ ಹಲ್ಲಿನ ಹಾಗೆ ಚುಚ್ಚುತ್ತದೆ, ಅಥವಾ ಇದರ ಉಲ್ಟಾ. ಇದು ಟೋ ತಪ್ಪಿದ್ದು, ಅಂದರೆ ಮುಂದಿನ ಎರಡು ಚಕ್ರದ ಮುಂಬದಿ ಬೇಕಾದ್ದಕ್ಕಿಂತ ಒಳಕ್ಕೋ ಹೊರಕ್ಕೋ ತಿರುಗಿರುವುದು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಗಾಳಿ ಜಾಸ್ತಿ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸ್. ಒಂದೇ ಟೈರ್‌ನ ಒಂದೇ ಅಂಚು ಸವೆದಿದ್ದರೆ ಕ್ಯಾಂಬರ್, ಅಂದರೆ ಚಕ್ರ ಮೇಲ್ಗಡೆ ಒಳಕ್ಕೋ ಹೊರಕ್ಕೋ ವಾಲಿರುವುದು. ಗಟ್ಟಿ ಆಕ್ಸಲ್‌ನಲ್ಲಿ ಕ್ಯಾಂಬರ್ ಅಡ್ಜಸ್ಟ್ ಮಾಡೋಕೆ ಜಾಗವೇ ಇಲ್ಲ. ಅದು ತಪ್ಪಿದೆ ಅಂದರೆ ಕಿಂಗ್ ಪಿನ್ ಅಥವಾ ಬೇರಿಂಗ್ ಸವೆದಿದೆ, ಇಲ್ಲವೇ ಆಕ್ಸಲ್ ಬಾಗಿದೆ.

ಟೈ ರಾಡ್ ಎಂಡ್ ನೀವೇ ಬದಲಿಸುವುದಾದರೆ

ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರು ಮಾಡಬಹುದಾದ ಕೆಲಸ ಇದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಹೊಡೆದಿಡಿ. ವೀಲ್ ನಟ್ಟನ್ನು ಚಕ್ರ ನೆಲದಲ್ಲಿ ಇರುವಾಗಲೇ ಸಡಿಲ ಮಾಡಿ. ಬಿಚ್ಚುವ ಮೊದಲು ಅಳೆಯಿರಿ. ಒಂದು ಬಾಲ್ ನಡುವಿನಿಂದ ಇನ್ನೊಂದು ಬಾಲ್ ನಡುವಿನ ತನಕ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಲಾಕ್ ನಟ್ ಇರುವ ಜಾಗಕ್ಕೆ ಪೇಂಟ್ ಗುರುತು ಹಾಕಿ. ಹಳೇ ಎಂಡ್ ಎಷ್ಟು ಸುತ್ತು ತಿರುಗಿಸಿದಾಗ ಹೊರಗೆ ಬಂತು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಸಾಮಾನ್ಯವಾಗಿ ಒಂದು ತುದಿಯಲ್ಲಿ ಎಡಗೈ ಥ್ರೆಡ್ ಇರುತ್ತದೆ, ಬಲ ಹಾಕಿ ಉಲ್ಟಾ ತಿರುಗಿಸಿ ಥ್ರೆಡ್ ಕೀಳಬೇಡಿ.

ಸ್ಪ್ಲಿಟ್ ಪಿನ್ (ನಟ್ ತಿರುಗದ ಹಾಗೆ ಹಿಡಿಯುವ ಪಿನ್) ತೆಗೆದು ನಟ್ ಸಡಿಲ ಮಾಡಿ, ಆದರೆ ಪೂರ್ತಿ ತೆಗೆಯಬೇಡಿ, ಎರಡು ಮೂರು ಥ್ರೆಡ್ ಉಳಿಯಲಿ. ಇಲ್ಲದಿದ್ದರೆ ಕಳಚುವಾಗ ಎಗರಿ ಮುಖಕ್ಕೆ ಬರುತ್ತದೆ. ಜಾಯಿಂಟ್ ಕಳಚುವ ಪುಲ್ಲರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪಿನ್ ಕೂತಿರುವ ಕಣ್ಣಿನ (ಆರ್ಮ್‌ನ ತೂತಿರುವ ತುದಿಯ) ಒಂದು ಬದಿಗೆ ದೊಡ್ಡ ಸುತ್ತಿಗೆ ಒತ್ತಿ ಹಿಡಿದು, ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ಗಟ್ಟಿ ಹೊಡೆಯಿರಿ. ಟೇಪರ್ (ಪಿನ್‌ನ ತುದಿಯ ಕಡೆಗೆ ಸಣ್ಣದಾಗುತ್ತಾ ಹೋಗುವ ಭಾಗ) ಬಿಡುತ್ತದೆ. ಥ್ರೆಡ್ ತುದಿಗೆ ಹೊಡೆಯಬೇಡಿ. ಕಣ್ಣಿಗೆ ಕನ್ನಡಕ ಇರಲಿ. ಗ್ಯಾಸ್ ಟಾರ್ಚ್‌ನಿಂದ ಕಾಯಿಸುವುದು ಬೇಡವೇ ಬೇಡ. ಕಾಯಿಸಿದ ಉಕ್ಕು ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ, ರಬ್ಬರೂ ಗ್ರೀಸೂ ಹೊತ್ತಿಕೊಳ್ಳುತ್ತವೆ.

ಹೊಸದು ಕೂರಿಸುವಾಗ ಟೇಪರ್ ಮತ್ತು ಕಣ್ಣು ಎರಡೂ ಒಣಗಿ ಶುದ್ಧವಾಗಿರಲಿ, ಅಲ್ಲಿಗೆ ಗ್ರೀಸ್ ಹಚ್ಚಬೇಡಿ. ನಟ್ಟನ್ನು ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳಿದ ಅಳತೆಗೆ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿಯಿರಿ. ಪಿನ್ ತೂತು ಸರಿಯಾಗಿ ಕೂರದಿದ್ದರೆ ಇನ್ನೂ ಸ್ವಲ್ಪ ಟೈಟ್ ಮಾಡಿ ಮುಂದಿನ ತೂತಿಗೆ ತನ್ನಿ. ಹಿಂದಕ್ಕೆ ಸಡಿಲಿಸಬೇಡಿ. ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದೇ ಹಾಕಿ, ಹಳೇದನ್ನು ನೇರ ಮಾಡಿ ಮತ್ತೆ ಹಾಕುವುದು ಬೇಡ. ಪಿನ್ ಜಾಗದಲ್ಲಿ ತಂತಿ ಸುತ್ತಿದ ಗಾಡಿಗಳನ್ನು ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆ ಗಾಡಿಯ ಹಿಂದೆ ಹೆಂಗಸರು ಮಕ್ಕಳು ನಿಂತು ಕೆಲಸಕ್ಕೆ ಹೋಗುತ್ತಿರುತ್ತಾರೆ.

ಪಾರ್ಟ್ಸ್ ಬಗ್ಗೆ ಒಂದು ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಂದರೂ, ಊರಿನ ಅಂಗಡಿಯಲ್ಲಿ ತಂದರೂ ಹಳೇದನ್ನು ಜೊತೆಗೆ ಒಯ್ಯಿರಿ. ಒಂದೇ ಹೆಸರಿನ ಗಾಡಿಯಲ್ಲೂ ವರ್ಷದಿಂದ ವರ್ಷಕ್ಕೆ ಟೇಪರ್, ಥ್ರೆಡ್ ಬದಲಾಗಿರಬಹುದು. ಬೇರೆ ಕಡೆ ಉಳಿತಾಯ ಮಾಡಿ, ಬಾಲ್ ಇರುವ ಪಾರ್ಟ್‌ಗಳಲ್ಲಿ ಬೇಡ.

ಟೋ ಸುಮಾರಾಗಿ ನೋಡಿಕೊಳ್ಳೋಕೆ ಎರಡೂ ಟೈರ್ ನಡುವೆ, ಹಬ್ ಎತ್ತರಕ್ಕೆ, ಮುಂಬದಿಗೆ ಸೀಮೆಸುಣ್ಣದ ಗುರುತು ಹಾಕಿ ಅಂತರ ಅಳೆಯಿರಿ. ಗಾಡಿಯನ್ನು ಮುಂದಕ್ಕೆ ತಳ್ಳಿ, ಅದೇ ಗುರುತು ಹಿಂಬದಿಗೆ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಎರಡೂ ಹತ್ತಿರ ಹತ್ತಿರ ಇದ್ದರೆ ಅಲೈನ್‌ಮೆಂಟ್ ಅಂಗಡಿಯ ತನಕ ನಿಧಾನಕ್ಕೆ ಹೋಗಬಹುದು. ಈಗ ಅಲೈನ್‌ಮೆಂಟ್ ಮಾಡಿಸಿ.

ಇಲ್ಲಿಗೆ ನಿಲ್ಲಿಸಿ, ತಿಳಿದವರನ್ನು ಕರೆಯಿರಿ

ಕಾಯಿಲ್ ಸ್ಪ್ರಿಂಗ್ ಮತ್ತು ಟಾರ್ಷನ್ ಬಾರ್ ಮನೆಯಲ್ಲಿ ಬಿಚ್ಚುವಂಥವಲ್ಲ. ಅವುಗಳಲ್ಲಿ ಗಾಡಿಯ ಭಾರ ಹೊರುವಷ್ಟು ಬಲ ಅಡಗಿ ಕೂತಿರುತ್ತದೆ, ತಪ್ಪಿ ಬಿಟ್ಟರೆ ಮನುಷ್ಯ ಉಳಿಯುವುದು ಕಷ್ಟ. ಕೆಳಗಿನ ಬಾಲ್ ಜಾಯಿಂಟ್, ಕೆಳಗಿನ ಆರ್ಮ್ ಬುಷ್ ಬದಲಿಸಬೇಕು ಅಂದರೂ ಇದೇ ಅಪಾಯ, ಗ್ಯಾರೇಜ್‌ಗೆ ಕೊಡಿ. ಆರ್ಮ್ ಬುಷ್ ಹಾಕಿದ ಮೇಲೆ ಅದರ ಬೋಲ್ಟನ್ನು ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ ಮಾಡಿ ಅಂತ ಹೇಳಿ. ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಕಿಂಗ್ ಪಿನ್ ಸೆಟ್ ಬದಲಿಸುವಾಗ ಹೊಸ ಬುಷ್ ಒತ್ತಿ ಕೂರಿಸಿ, ರೀಮರ್ ಹಾಕಿ ತೂತನ್ನು ಪಿನ್ ಅಳತೆಗೆ ಕೆರೆಯಬೇಕು. ಒಳ್ಳೇ ಲೇತ್ ಅಂಗಡಿ ಬೇಕು. ಎರಡೂ ಕಡೆ ಒಟ್ಟಿಗೆ ಮಾಡಿಸಿ.

ವೆಲ್ಡಿಂಗ್ ಬಗ್ಗೆ ಖಡಾಖಂಡಿತ ಹೇಳುತ್ತೇನೆ. ಟೈ ರಾಡ್, ಡ್ರ್ಯಾಗ್ ಲಿಂಕ್, ಡ್ರಾಪ್ ಆರ್ಮ್, ಬಾಲ್ ಜಾಯಿಂಟ್ ಯಾವುದಕ್ಕೂ ವೆಲ್ಡಿಂಗ್ ಮಾಡಿಸಬೇಡಿ. ಬಾಗಿದ್ದನ್ನು ಕಾಯಿಸಿ ನೇರ ಮಾಡಿಸುವುದೂ ಬೇಡ. ಹಳ್ಳಿಯಲ್ಲಿ ಸುಲಭ ಅಂತ ಮಾಡುತ್ತಾರೆ, ನೋಡೋಕೆ ಗಟ್ಟಿ ಕಾಣುತ್ತದೆ, ಮುರಿಯುವುದು ಪಕ್ಕದಲ್ಲಿ, ಕಾದ ಜಾಗದ ಅಂಚಿನಲ್ಲಿ.

ಬಾಲ್ ಜಾಯಿಂಟ್ ಮೇಲೆ ಕೆಳಗೆ ಆಡುತ್ತಿದ್ದರೆ, ಸ್ಟೇರಿಂಗ್ ನಟ್ಟಿನಲ್ಲಿ ಪಿನ್ ಇಲ್ಲದೆ ಸಡಿಲ ಆಗಿದ್ದರೆ, ಚಾಸಿ ಬಿರುಕು ಬಿಟ್ಟಿದ್ದರೆ, ತಿರುಗಿಸುವಾಗ ಎಲ್ಲೋ ಸಿಕ್ಕಿಹಾಕಿಕೊಂಡು ಬಿಟ್ಟ ಹಾಗಾದರೆ ಗಾಡಿಯನ್ನು ಇನ್ನೊಂದು ಗಾಡಿ ಮೇಲೆ ಹಾಕಿಸಿ ತನ್ನಿ. ಹಗ್ಗ ಕಟ್ಟಿ ಎಳೆಯುವುದೂ ಬೇಡ, ಅದಕ್ಕೂ ಸ್ಟೇರಿಂಗ್ ಬೇಕಲ್ಲ.

8 ವರ್ಷ ದಾಟಿದ ಬಾಡಿಗೆ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್ ಪರೀಕ್ಷೆ) ವರ್ಷಕ್ಕೊಮ್ಮೆ ಬರುತ್ತದೆ. ಅದಕ್ಕೆ ಒಂದು ತಿಂಗಳ ಮುಂಚೆ ಇದನ್ನೆಲ್ಲ ನೋಡಿಟ್ಟುಕೊಂಡರೆ ಕೊನೆ ಗಳಿಗೆಯಲ್ಲಿ ಓಡಾಡುವುದು ತಪ್ಪುತ್ತದೆ.

ಕೆಲಸ ಮುಗಿದ ಮೇಲೆ ಮೊದಲು ಅಂಗಳದಲ್ಲೇ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಬ್ರೇಕ್ ಪೈಪ್ ಎಲ್ಲೂ ಎಳೆದುಕೊಳ್ಳಬಾರದು, ಟೈರ್ ಎಲ್ಲೂ ತಾಗಬಾರದು. ಆಮೇಲೆ ಊರ ರಸ್ತೆಯಲ್ಲಿ ಖಾಲಿ ಗಾಡಿ ನಿಧಾನ ಓಡಿಸಿ, ಆಮೇಲೆ ಲೋಡ್. ಪಟ್ಟಿ ಬಿಚ್ಚಿದ್ದರೆ ಮೊದಲ ಲೋಡ್ ಇಳಿಸಿದ ದಿನವೇ ಯು ಬೋಲ್ಟ್ ಮತ್ತೆ ಬಿಗಿಯಿರಿ, 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಬಿಗಿಯಿರಿ. ನಾನು ಬೋಲ್ಟ್ ಬಿಗಿದ ಮೇಲೆ ನಟ್ಟಿನಿಂದ ಪ್ಲೇಟಿನ ತನಕ ಬಿಳಿ ಪೇಂಟ್‌ನಲ್ಲಿ ಒಂದು ಗೆರೆ ಎಳೆಯುತ್ತೇನೆ. ಗೆರೆ ತಪ್ಪಿದ್ದರೆ ನಟ್ ಸರಿದಿದೆ ಅಂತ ಸ್ಪ್ಯಾನರ್ ಇಲ್ಲದೆಯೇ ಗೊತ್ತಾಗುತ್ತದೆ, ಬೆಳಿಗ್ಗೆ ಗಾಳಿ ನೋಡುವಾಗ ಒಂದು ಸಲ ಬಗ್ಗಿದರೆ ಸಾಕು.